ಕಾಳಿಯೊಡನೆ ನಾಲ್ಕು ತಾಲ್ಲೂಕು

ಮಂಡ್ಯದ ಜಿಲ್ಲೆಯ ಪಡುವಣ ಭಾಗದಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಒಂದಕ್ಕೊಂದು ಹೆಗಲು ತಾಗಿಸಿಕೊಂಡಿರುವುದನ್ನು ವಾಚಕರಲ್ಲಿ ಅನೇಕರು ಬಲ್ಲರು. ೧೯೩೯ರಲ್ಲಿ ಮೈಸೂರು ಜಿಲ್ಲೆಯಿಂದ ಮಂಡ್ಯವನ್ನು ಬೇರ್ಪಡಿಸಿದಾಗ ಇವು ಹೊಸ ಜಿಲ್ಲೆಯ ಪಾಲಿಗೆ ಬಂದವು. ಒಂದು ಕಡೆ ಕಾವೇರಿ, ಇನ್ನೊಂದು ಕಡೆ ಹೇಮಾವತಿ, ನಡುವೆ ನಾಗಮಂಗಲದ ಸೀಮೆಯಲ್ಲಿ ಹುಟ್ಟಿ ಕರೀಘಟ್ಟದ ಬಳಿ ಕಾವೇರಿಯನ್ನು ಸೇರುವ ಲೋಕಪಾವನಿ; ನೀರಿದ್ದಲ್ಲಿ ಕಬ್ಬು ಬತ್ತ, ನೀರಿಲ್ಲದಲ್ಲಿ ರಾಗಿ ಹುರುಳಿ. ಉಪಾಧ್ಯಾಯ ವೃತ್ತಿಯಲ್ಲಿದ್ದ ಕಾಲದಲ್ಲಿ ನಾವು ಈ ನಾಲ್ಕು ಕಡೆಗೂ ವರ್ಗವಾಗಿ ಹೋಗಿ ಬಂದವರು. ಇಲ್ಲಿನ ಗುಡಿಗೋಪುರಗಳ ವಿಚಾರವಾಗಿ ಹಿಂದೆ ಬೇಕಾದಷ್ಟು ಬರೆದವರಿದ್ದಾರೆ. ಈ ಸಾರಿಯ ನಮ್ಮ ಪ್ರವಾಸವು ಬೇರೆ ಬಗೆಯದಾಯಿತು. ಕಾರಣ, ನಮ್ಮ ಸಂಗಡ ಸುಮಾರು ಎಂಟು ವಾರದ ಒಂದು ನಾಯಿಮರಿಯಿತ್ತು.

ದಸರೆಯ ರಜೆಯಲ್ಲಿ ನಾಗಮಂಗಲದಿಂದ ನಮ್ಮ ಮನೆಗೆ ಬಂದಿದ್ದ ಮೊಮ್ಮಗಳನ್ನು ಹಿಂದಕ್ಕೆ ಬಿಟ್ಟುಬರಬೇಕಾಗಿತ್ತು. ಪಾಂಡವಪುರದ ಮೇಲೆ ನಾಗಮಂಗಲಕ್ಕೆ ನೇರವಾದ ಹಾದಿಯುಂಟು. ಆದರೆ ಪಾಂಡವಪುರದಲ್ಲಿ ಹಳೆಯ ಶಿಷ್ಯನೊಬ್ಬನು ಬಹುದಿನದಿಂದ ಕರೆಯುತ್ತಿದ್ದನು; ಕೃಷ್ಣರಾಜಪೇಟೆಯಲ್ಲಿ ನಮ್ಮ ತಮ್ಮನ ಮನೆ. ಆದಕಾರಣ ಒಂದು ಬಾಡಿಗೆಯ ಮೋಟಾರನ್ನು ಗೊತ್ತುಮಾಡಿ, ಸುತ್ತಿಕೊಂಡೇ ಹೋಗುವುದೆಂದು ನಿಶ್ಚಯಿಸಿದೆವು.

ಶ್ರೀರಂಗಪಟ್ಟಣಕ್ಕೆ ಬಂದವರು ರಂಗನಾಥನ ದರ್ಶನ ಮಾಡಿ, ೧೭೮೪ರ ದರಿಯಾ ದೌಲತ್ತಿನ ಗೋಡೆಚಿತ್ರಗಳನ್ನು ನೋಡಿ, ಗುಂಬಜ್, ಸಂಗಮ, ನಿಮಿಷಾಂಬೆಯ ಗುಡಿ ಇವಿಷ್ಟನ್ನು ಮುಗಿಸಿ ಸಂಜೆಗೆ ಮೈಸೂರು ಸೇರುತ್ತಾರೆ. ಪಶ್ಚಿಮವಾಹಿನಿಗೆ ಸಂತೋಷಕ್ಕಾಗಿ ಯಾರೂ ಹೋಗುವುದಿಲ್ಲ. ಅಲ್ಲಿ ಕಾವೇರಿಯ ಒಂದು ಕವಲು ಪಡುವಲಿಗೆ ತಿರುಗಿ ಹರಿಯುವುದರಿಂದ ಅಸ್ಥಿವಿಸರ್ಜನೆಗೆ ಅದು ಪ್ರಶಸ್ತವೆಂದು ಹೆಸರು. ಪಿಂಡದ ಅನ್ನಕ್ಕೆ ಕಾಗೆಗಳೂ ಮಿಕ್ಕದ್ದಕ್ಕೆ ನಾಯಿಗಳೂ ಅಲ್ಲಿ ಸದಾ ಕಾದಿರುವುವು. ವೈಶ್ವದೇವ ಮಾಡುವ ಗೃಹಸ್ಥನು ನಾಯಿಗೂ ಒಂದು ತುತ್ತು ಇಡತಕ್ಕದ್ದೆಂದು ನಮ್ಮ ಸ್ಮೃತಿಕಾರರು ವಿಧಿಸಿದ್ದಾರೆ. ಯಮನ ಬಾಗಿಲಲ್ಲಿ ಶ್ಯಾಮ ಶಬಲರೆಂಬ ಎರಡು ನಾಯಿಗಳಿವೆಯೆಂದೂ ಹೇಳುತ್ತಾರೆ. ಆ ವಿಧಿಯನ್ನು ಊರಿನವರು ಮರೆತಿದ್ದರೂ ಪಶ್ಚಿಮವಾಹಿನಿಯಲ್ಲಿ ಅದು ತಾನಾಗಿ ನಡೆಯುತ್ತಿದೆ.

ಅಲ್ಲಿಗೆ ಸ್ವಲ್ಪ ದೂರದ ಹೊಳೆಯ ದಂಡೆಯ ಪೊದೆಯೊಂದರಲ್ಲಿ ಗೋಣಿಚೀಲದೊಳಗೆ ಕಟ್ಟಿ ಬಿಸುಟಿದ್ದ ನಾಲ್ಕು ಮರಿಗಳನ್ನು ಒಬ್ಬ ಹೆಣ್ಣುಮಗಳು ಎತ್ತಿತಂದು, ಎರಡು ಸತ್ತುಹೋಗಲು, ಉಳಿದೆರಡನ್ನು ಸಾಕುವವರಿಗಾಗಿ ಹುಡುಕುತ್ತಿದ್ದಳು. ಅವಳ ಮನೆಯ ಜಗಲಿಯಲ್ಲಿ ನಮ್ಮ ಮೊಮ್ಮಗಳು ಕುಳಿತವಳು ಏಳಲಿಲ್ಲ. ಮರಿಯ ತಾಯಿ ಯಾವುದು, ಅದಕ್ಕೆ ಏನು ರೋಗವಿತ್ತು, ಮರಿ ಎಷ್ಟು ದಿನ ಮೊಲೆಯುಂಡಿತು, ಎಲ್ಲಿ ಏನು ತಿಂದಿತು, ಒಂದೂ ಯಾರಿಗೂ ತಿಳಿಯದು. ಹಾಲುಹಲ್ಲುಗಳೆಲ್ಲ ಬಂದಿದ್ದುದರಿಂದ ಎಂಟು ವಾರವಿರಬಹುದೆಂದು ಅಂದಾಜು. ಮೈ ಜೇನಿನ ಬಣ್ಣ, ಪಾದಗಳು ಬಿಳುಪು. ಹೊಟ್ಟೆ ಮಾತ್ರ ತಂಬೂರಿಯ ಬುರುಡೆಯಂತೆ ಉಬ್ಬಿತ್ತು. ಮರಿಗಳ ಹೊಟ್ಟೆ ಹಾಗೆಯೇ ಇರುವುದೆಂದು ನೋಡಿದವರೆಲ್ಲ ಹೇಳಿದರು.

ಹೆಸರಿನ ವಿಚಾರ ಬಂದಾಗ ನಾವು ಆತಕೂರಿನ ಕಥೆಯನ್ನು ಹೇಳಿದೆವು. ಆತಕೂರು ಇದೇ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನೊಡನೆ ಕಾದಿದಾಗ, ಗಂಗ ಬೂತುಗನ ಪಕ್ಷದಲ್ಲಿದ್ದ ಮಣಲೇರನೆಂಬ ವೀರನು ಮೆಚ್ಚುಗೆಯಾಗಿ ಬೇಡಿದ್ದು ಕಾಳಿಯೆಂಬ ಬೇಟೆನಾಯನ್ನು. ಅದು ಮುಂದೆ ದೊಡ್ಡದೊಂದು ಹಂದಿಯೊಡನೆ ಹೋರಾಡಿ, ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಅದರ ನೆನಪಿಗೆ ಕಲ್ಲು ನೆಡಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ ನಾಯಿಯ ಪಾಪ ತಟ್ಟುವುದೆಂದು ಬರೆಸಿದರು. ಶಾಸನದ ಕಾಲ ಕ್ರಿ.ಶ. ೯೪೯-೫೦. ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಥೆ ಮುಗಿಯುವ ಹೊತ್ತಿಗೆ ಜೇನುಬಣ್ಣದ ಮರಿಗೆ ಕಾಳಿಯೆಂದು ನಾಮಕರಣವಾಗಿಹೋಗಿತ್ತು. ಬಣ್ಣಕ್ಕೂ ಹೆಸರಿಗೂ ಸಂಬಂಧವಿಲ್ಲವೆಂದು ನಾವು ಆಕ್ಷೇಪಿಸಲು, “ತಾತ, ಆ ಕಾಳಿಯ ಬಣ್ಣ ಕಲ್ಲಿನಲ್ಲಿ ಬರೆದಿದೆಯೇ?” ಎಂದಳು. ಬರೆದಿಲ್ಲ.

ಶ್ರೀರಂಗಪಟ್ಟಣವನ್ನು ಬಿಡುವ ಮುನ್ನ ಇನ್ನೊಂದು ಮಾತು. ೧೭೯೯ರಲ್ಲಿ ಈ ಕೋಟೆಯನ್ನು ಗೆದ್ದ ಇಂಗ್ಲಿಷರು ಹತ್ತು ವರುಷ ಇಲ್ಲಿ ದಂಡನ್ನಿಟ್ಟಿದ್ದರು. ಶತ್ರುವಿಗಿಂತ ಹೆಚ್ಚಾಗಿ ಚಳಿಜ್ವರವು ಸಿಪಾಯಿಗಳನ್ನು ತಿಂದಿತು. ನೀರಿನ ದೋಷವೋ, ಗಾಳಿಯ ದೋಷವೋ, ಗದ್ದೆಯ ಆವಿಯೋ ಎಂದು ತರ್ಕಿಸಿ ತರ್ಕಿಸಿ, ೧೮೦೯ರಲ್ಲಿ ದಂಡನ್ನು ಬೆಂಗಳೂರಿಗೆ ಸಾಗಿಸಿದರು. ಸೊಳ್ಳೆಯೇ ಅದರ ವಾಹನವೆಂಬುದನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಹಿಡಿದದ್ದು ೧೮೯೭ರಲ್ಲಿ. ಕಾರಣ ತಿಳಿಯದ ವ್ಯಾಧಿಯ ಮುಂದೆ ರಾಜ್ಯವಾಳುವವರೂ ಗಂಟುಮೂಟೆ ಕಟ್ಟಬೇಕಾಯಿತು.

ಮಂಗಳವಾರ ಬೆಳಗ್ಗೆ ಹೊರಟೆವು. ದಾರಿಯ ಎರಡು ಕಡೆಯೂ ವಿಶ್ವೇಶ್ವರಯ್ಯ ನಾಲೆಯ ನೀರುಂಡ ಕಬ್ಬು. ಎಲ್ಲಿಯೋ ಆಲೆಮನೆಯಲ್ಲಿ ಬೆಲ್ಲ ಕಾಯುವ ವಾಸನೆ. ಪಾಂಡವಪುರದ ಹಳೆಯ ಹೆಸರು ಹಿರೋಡೆ. ಹೈದರ್ ಟಿಪ್ಪುಗಳ ಸೇವೆಯಲ್ಲಿದ್ದ ಫ್ರೆಂಚರ ಪಾಳೆಯ ಇಲ್ಲಿನ ಬಂಡೆಗಳ ಬಳಿ ಇದ್ದುದರಿಂದ ಇಂಗ್ಲಿಷರು ಇದನ್ನು ಫ್ರೆಂಚ್ ರಾಕ್ಸ್ ಎಂದರು. ಪಾಂಡವರು ಕುಂತಿಯೊಡನೆ ಇಲ್ಲಿ ಕೆಲಕಾಲ ನಿಂತಿದ್ದರೆಂಬ ಪ್ರತೀತಿಯಿಂದ ಕುಂತಿಬೆಟ್ಟ ಬಂದಿತು, ಪಾಂಡವಪುರವೂ ಬಂದಿತು. ಪಾಂಡವರ ಕಥೆಯ ತುದಿಯಲ್ಲಿ ಧರ್ಮರಾಯನ ಹಿಂದೆ ನಡೆದ ನಾಯಿಯನ್ನು ಎಲ್ಲರೂ ಬಲ್ಲರು. ಮೊದಲಲ್ಲಿಯೂ ಒಂದು ನಾಯಿಯಿರುವುದನ್ನು ಬಲ್ಲವರು ಕಡಮೆ. ಜನಮೇಜಯನ ಸತ್ರದ ಬಳಿ ಸುಳಿದ ಒಂದು ನಾಯಿಮರಿಯನ್ನು ಅವನ ತಮ್ಮಂದಿರು ಹೊಡೆದಟ್ಟಿದರು. ಮರಿ ಅಳುತ್ತ ತಾಯಿಯ ಬಳಿಗೆ ಹೋಯಿತು. ತಾಯಿಯಾದ ಸರಮೆಯು ಬಂದು, ನನ್ನ ಮಗ ಹವಿಸ್ಸನ್ನು ನೆಕ್ಕಲಿಲ್ಲ, ಕಣ್ಣೆತ್ತಿ ನೋಡಲೂ ಇಲ್ಲ, ಏಕೆ ಹೊಡೆದಿರಿ ಎಂದು ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಆಗ ಅವಳು ಕೊಟ್ಟ ಶಾಪ ವಿಚಿತ್ರವಾದುದು. ಸಾಯಿರಿ ಎನ್ನಲಿಲ್ಲ, ಕಾಣದ ಭಯವೊಂದು ನಿಮಗೆ ಬರಲಿ ಎಂದಳು. ಈ ಕಥೆಯನ್ನು ನಾವು ಎಷ್ಟೋ ಬಾರಿ ಪಾಠ ಹೇಳಿದ್ದೆವು. ಅದರ ಅರ್ಥ ಅನುಭವಕ್ಕೆ ಬಂದದ್ದು ಅದೇ ಮಧ್ಯಾಹ್ನ.

ಶಿಷ್ಯನ ಮನೆ ಸೇರುವಷ್ಟರಲ್ಲಿ ಮರಿ ಎರಡು ಬಾರಿ ವಾಂತಿ ಮಾಡಿಕೊಂಡಿತ್ತು. ಮಲ ನೀರಾಗಿತ್ತು. ಕಣ್ಣಿನ ಕೊನೆಯಲ್ಲಿ ಹಳದಿ ಪಿಸುರು, ಒಸಡು ಬೆಳ್ಳಗೆ. ಕರೆದರೆ ಬಾಲವನ್ನಷ್ಟೇ ಒಂದು ಸಾರಿ ಆಡಿಸುವುದು. ಕೂಡಲೆ ಪಶುವೈದ್ಯಶಾಲೆಗೆ ಒಯ್ದೆವು. ಅಲ್ಲಿನ ಡಾಕ್ಟರು ತರುಣರು, ಮಾತು ಕಡಮೆ. ಜ್ವರ ೧೦೪ ಡಿಗ್ರಿ. ನಾಯಿಗೆ ಸಹಜವಾದದ್ದು ೧೦೧ರಿಂದ ೧೦೨ವರೆ. ಮಲವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ, ಜಂತುಹುಳದ ಮೊಟ್ಟೆ ಬೇಕಾದಷ್ಟಿವೆಯೆಂದು ನಮಗೂ ತೋರಿಸಿದರು. ಈ ಹುಳ ತಾಯಿಯ ಗರ್ಭದಲ್ಲಿಯೇ, ಇಲ್ಲವೆ ಹಾಲಿನ ಮೂಲಕ, ಮರಿಗೆ ಬರುವುದಂತೆ. ಉಬ್ಬಿದ ಹೊಟ್ಟೆಯ ಗುಟ್ಟು ಬಯಲಾಯಿತೆಂದು ನಮ್ಮ ಮನೆಯವರು ನಿಟ್ಟುಸಿರು ಬಿಟ್ಟರು.

“ಹುಳವಿರುವುದು ನಿಜ, ಮೇಷ್ಟ್ರೆ. ಹುಳವೊಂದೇ ಎಂದು ನಾನು ಹೇಳಲಾರೆ” ಎಂದರು ಡಾಕ್ಟರು. ರಕ್ತಭೇದಿ ಬರಿಸುವ ಪಾರ್ವೋ ಎಂಬ ರೋಗವುಂಟು. ೧೯೭೮ರ ಸುಮಾರಿಗೆ ಲೋಕದಲ್ಲೆಲ್ಲ ಹಬ್ಬಿದ್ದು, ಎಳೆಯ ಮರಿಗಳನ್ನು ಮೂರು ನಾಲ್ಕು ದಿನದಲ್ಲಿ ಒಯ್ಯುವುದು. ಅದರ ಪರೀಕ್ಷೆ ಮಾಡಿದರು, ಇಲ್ಲವೆಂದು ಬಂದಿತು. ಆದರೆ ರೋಗದ ಮೊದಲಲ್ಲಿ ಇದ್ದರೂ ಇಲ್ಲವೆಂದು ತೋರುವುದುಂಟಂತೆ. ಉಣ್ಣೆಯಿಂದ ಬರುವ ಜ್ವರವಿರಬಹುದು. ಕಿವಿಯೊಳಗೆ ಎರಡು ಉಣ್ಣೆ ಸಿಕ್ಕವು. ಡಿಸ್ಟೆಂಪರ್ ಎಂಬ ಇನ್ನೊಂದು ಸಾಂಕ್ರಾಮಿಕವಿದೆ. ಅದು ಮೊದಲು ಕಣ್ಣು ಮೂಗು ಹೊಟ್ಟೆಗಳಲ್ಲಿ ತೋರಿ, ವಾರಗಳ ಮೇಲೆ ನರಗಳಿಗೆ ಇಳಿಯುವುದು. ಗೌತಮನ ನ್ಯಾಯಸೂತ್ರದಲ್ಲಿ ಹದಿನಾರು ಪದಾರ್ಥಗಳ ಪೈಕಿ ಪ್ರಮಾಣ, ಪ್ರಮೇಯಗಳಾದ ಮೇಲೆ ಮೂರನೆಯದೇ ಸಂಶಯ. ದೂರದಲ್ಲಿ ಕಾಣುವುದು ಮೋಟುಮರವೋ ಮನುಷ್ಯನೋ ಎಂದು ಅಲ್ಲಿ ದೃಷ್ಟಾಂತ ಕೊಡುತ್ತಾರೆ. ಹತ್ತಿರ ಹೋದರೆ ಆ ಸಂಶಯ ತೀರುವುದು. ಇಲ್ಲಿ ಹತ್ತಿರ ಹೋದಷ್ಟೂ ಮರಗಳು ಹೆಚ್ಚಾದವು.

ಔಷಧಿ ಹಾಕಿ, ಚರ್ಮದಡಿಗೆ ಗ್ಲೂಕೋಸ್ ನೀರನ್ನು ಏರಿಸುತ್ತಲೇ ಡಾಕ್ಟರು ತಲೆಯೆತ್ತದೆ ಕೇಳಿದರು: “ಇದು ಯಾರನ್ನಾದರೂ ಕಚ್ಚಿದೆಯೇ?” ಇಲ್ಲವೆಂದು ನಾವೆಲ್ಲರೂ ಹೇಳಿದೆವು. ಮೊಮ್ಮಗಳು ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಲಗೈಯ ತೋರುಬೆರಳನ್ನು ಮುಂದೆ ಹಿಡಿದಳು. ಸೋಮವಾರ ಸಂಜೆ ಆಡುವಾಗ ಹಲ್ಲು ತಾಗಿತ್ತು. ರಕ್ತ ಬಂದಿರಲಿಲ್ಲ, ಚರ್ಮ ಮಾತ್ರ ತರಚಿತ್ತು. ಹೇಳಿದರೆ ಮರಿಯನ್ನು ಹಿಂದಕ್ಕೆ ಕೊಟ್ಟುಬಿಡುವೆವೆಂದು ಮುಚ್ಚಿಟ್ಟಿದ್ದಳು. ಡಾಕ್ಟರು ಗದರಲಿಲ್ಲ. ಕೈಯನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿಸಿ, ಆಗಲೇ ಸರಕಾರಿ ಆಸ್ಪತ್ರೆಗೆ ಕಳುಹಿಸಿದರು.

ಗೃಹಸ್ಥರು ಇದನ್ನು ಗಮನವಿಟ್ಟು ಓದಬೇಕು. ಹುಚ್ಚುನಾಯಿಯ ವಿಷವನ್ನು ನಮ್ಮ ಸುಶ್ರುತನು ಅಲರ್ಕವಿಷವೆಂದು ವರ್ಣಿಸಿ, ಕಚ್ಚಿಸಿಕೊಂಡವನಿಗೆ ನೀರಿನ ಭಯ ಬಂದಮೇಲೆ ಅಸಾಧ್ಯವೆಂದು ಹೇಳಿಬಿಟ್ಟಿದ್ದಾನೆ. ಲಕ್ಷಣ ಕಾಣಿಸಿದ ಬಳಿಕ ಈಗಲೂ ಸ್ಥಿತಿ ಅಷ್ಟೇ. ಆದರೆ ೧೮೮೫ರಲ್ಲಿ ಪಾಶ್ಚರನು ಮೊದಲ ಬಾರಿ ಒಬ್ಬ ಬಾಲಕನಿಗೆ ಲಸಿಕೆ ಹಾಕಿದಂದಿನಿಂದ, ಲಕ್ಷಣ ಬರುವ ಮುಂಚೆ ತಡೆಯುವ ದಾರಿ ನಮ್ಮ ಕೈಯಲ್ಲಿದೆ. ನಾಯಿಗೆ ಏನಾಗಿದೆಯೆಂದು ತಿಳಿಯುವವರೆಗೆ ಕಾಯತಕ್ಕದ್ದಲ್ಲ. ಗಾಯಕ್ಕೆ ಸುಣ್ಣ, ಅರಿಶಿನ, ಮೆಣಸಿನಪುಡಿ ಮೆತ್ತತಕ್ಕದ್ದಲ್ಲ. ಗಾಯವಿಲ್ಲದ ಚರ್ಮವನ್ನು ನಾಯಿ ನೆಕ್ಕಿದರೆ ಅಪಾಯವಿಲ್ಲ. ತರಚಿದ್ದರೆ ಲಸಿಕೆ ಬೇಕು. ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯೂನೋಗ್ಲೋಬ್ಯುಲಿನ್ ಎಂಬ ಇನ್ನೊಂದು ಔಷಧಿಯನ್ನೂ ಹಾಕಬೇಕು. ಹಿಂದಿನ ಕಾಲದಂತೆ ಹೊಟ್ಟೆಯ ಸುತ್ತ ಹದಿನಾಲ್ಕು ಸೂಜಿಯಲ್ಲ. ನಮ್ಮ ಮಗುವಿಗೆ ತೋಳಿನ ಚರ್ಮದಲ್ಲಿ ಆ ದಿನ, ಮೂರನೆಯ ದಿನ, ಏಳನೆಯ ದಿನ, ಇಪ್ಪತ್ತೆಂಟನೆಯ ದಿನ ಎಂದು ಚೀಟಿ ಬರೆದುಕೊಟ್ಟರು. ಕಾಸು ಕೇಳಲಿಲ್ಲ.

ಇನ್ನು ಮರಿಯ ಮಾತು. ಕಚ್ಚಿದ ನಾಯಿಯು ಹತ್ತು ದಿನ ಕಳೆದರೂ ಬದುಕಿ ನೆಟ್ಟಗಿದ್ದರೆ, ಕಚ್ಚಿದ ಹೊತ್ತಿಗೆ ಅದರ ಜೊಲ್ಲಿನಲ್ಲಿ ವಿಷವಿರಲಿಲ್ಲವೆಂದು ನಿರ್ಣಯ. ಸೋಮವಾರದಿಂದ ಹತ್ತು ದಿನವೆಂದರೆ ಮುಂದಿನ ವಾರದ ಗುರುವಾರ. ಆ ಗುರುವಾರವನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ತೊಣ್ಣೂರಿಗೆ ಹೋದೆವು. ಬೆಟ್ಟಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ಆ ಮಹಾಕೆರೆಯ ನೀರು ಕನ್ನಡಿಯಂತಿತ್ತು. ನಂಬಿನಾರಾಯಣನ ಗುಡಿಯಲ್ಲಿ ಅರ್ಚಕರು ಶ್ರೀರಾಮಾನುಜರ ಪ್ರಸಂಗಗಳನ್ನು ಸೊಗಸಾಗಿ ಹೇಳಿದರು. ಒಂದೂ ಕಿವಿಗೆ ಇಳಿಯಲಿಲ್ಲ.

ಗುರುವಾರ ಕೃಷ್ಣರಾಜಪೇಟೆ ಸೇರಿದೆವು. ಹಿಂದೆ ಇದಕ್ಕೆ ಅತ್ತಿಗುಪ್ಪೆಯೆಂದು ಹೆಸರು. ಆ ರಾತ್ರಿ ಕಾಳಿಯ ದವಡೆ ತಾನೇತಾನಾಗಿ ಅದುರತೊಡಗಿತು. ಏನನ್ನೋ ಅಗಿಯುತ್ತಿರುವಂತೆ ಬಾಯಾಡಿಸುವುದು. ಜೊಲ್ಲು ನೂಲುನೂಲಾಗಿ ಇಳಿಯುವುದು. ನಮ್ಮ ತಮ್ಮನ ಸೊಸೆಗೆ ಐದು ತಿಂಗಳ ಕೂಸು. ಆ ತಾಯಿ ಕೂಸನ್ನು ಎದೆಗವಚಿಕೊಂಡು ಒಳಗಿನ ಕೋಣೆಗೆ ಹೋಗಿ ಬಾಗಿಲಿಕ್ಕಿಕೊಂಡಳು. ಅವಳನ್ನು ಯಾರು ತಾನೆ ತಪ್ಪೆಂದಾರು? ತಮ್ಮನ ಹೆಂಡತಿ ಬಂದು, “ಭಾವನವರೆ, ನಿಮಗೆ ಹೇಳುವಷ್ಟು ದೊಡ್ಡವಳಲ್ಲ ನಾನು. ಮರಿಯನ್ನು ಕೊಟ್ಟಿಗೆಯಲ್ಲಿ ಇಡೋಣ, ಇಲ್ಲಿ ಬೇಡ” ಎಂದಳು. ಹಸುಗಳನ್ನು ಹಿತ್ತಿಲಿಗೆ ಕಟ್ಟಿಸಿ, ಬರಿದಾದ ಕೊಟ್ಟಿಗೆಯ ಮೂಲೆಯಲ್ಲಿ ಬಿದಿರುತಡಿಕೆಯ ಹಿಂದೆ ಕಾಳಿಯನ್ನು ಬಿಟ್ಟೆವು. ಮಗುವಿಗೆ ತಡಿಕೆಯಿಂದ ಈಚೆಗಷ್ಟೇ ಅಪ್ಪಣೆ.

ಮರುದಿನ ಒಂದು ಕಡೆ ಮಗುವಿನ ಎರಡನೆಯ ಸೂಜಿ. ಇನ್ನೊಂದು ಕಡೆ ಇಲ್ಲಿನ ಪಶುವೈದ್ಯರು ಕೈಗವಸು ತೊಟ್ಟು ಬಂದು, ತಡಿಕೆಯ ಹೊರಗೆ ಕುಳಿತು ಅರ್ಧ ಗಂಟೆ ಸುಮ್ಮನೆ ನೋಡಿದರು. ಡಿಸ್ಟೆಂಪರ್ ನರಕ್ಕಿಳಿದಿದ್ದರೆ ದವಡೆ ಹೀಗೆಯೇ ಅದುರುವುದು. ಹುಚ್ಚಿನ ಮೊದಲೂ ಹೀಗಿರಬಲ್ಲದು. ಹೊಲಕ್ಕೆ ಹೊಡೆಯುವ ವಿಷ ನೆಕ್ಕಿದ್ದರೂ ಆಗಬಹುದು. ಸಕ್ಕರೆಯ ಅಂಶ ಇಳಿದಿದ್ದರೂ ಆಗಬಹುದು. ನೆರೆಯವರೊಬ್ಬರು, ಸೂಜಿ ಹಾಕಿ ಮುಗಿಸಿಬಿಟ್ಟರೆ ಎಲ್ಲರಿಗೂ ನೆಮ್ಮದಿಯೆಂದರು. ಡಾಕ್ಟರು, “ಹುಚ್ಚನ್ನು ಖಚಿತಮಾಡಲು ಮೆದುಳನ್ನೇ ತೆಗೆದು ಪರೀಕ್ಷಿಸಬೇಕು. ಮಗುವಿಗೆ ಲಸಿಕೆ ನಡೆಯುತ್ತಿದೆ. ಮರಿ ಬೇರೆ ಇದೆ. ಹುಚ್ಚಾದರೆ ಅದಾಗಿ ಕೆಲವೇ ದಿನದಲ್ಲಿ ಸಾಯುವುದು. ಸಾಯದಿದ್ದರೆ ಹುಚ್ಚಲ್ಲ. ಕಾಯುವುದರಿಂದ ನಿಮಗೆ ನಷ್ಟವೇನು?” ಎಂದರು. ಕೇಳಿದ ಪ್ರಶ್ನೆ ನೆರೆಯವರಿಗೆ. ಉತ್ತರ ಕೊಡಬೇಕಾದವರು ನಾವು. ಕಾಯುವೆವೆಂದೆವು. ಆ ಮಾತನ್ನು ಆಡುವಾಗ ಬಾಗಿಲಿಕ್ಕಿದ ಕೋಣೆಯ ಕಡೆ ನೋಡಲು ನಮಗೆ ಧೈರ್ಯ ಸಾಲಲಿಲ್ಲ.

ಹೇಮಾವತಿಯ ದಡದ ಹೇಮಗಿರಿ ದನದ ಜಾತ್ರೆಗೆ ಹೆಸರಾದದ್ದು. ಈ ಕಡೆಯ ಒಕ್ಕಲಿಗರು ಎತ್ತಿನ ನಡೆಯನ್ನು ನೋಡಿಯೇ ಅದರ ನೋವನ್ನು ಹೇಳಬಲ್ಲರು. ಅಂಥ ಹಿರಿಯರೊಬ್ಬರು ಕೊಟ್ಟಿಗೆಗೆ ಬಂದು ನೋಡಿ, “ನೀರು ಕಂಡ್ರೆ ಹೆಂಗಾಡ್ತದೆ ಬುದ್ಧಿ?” ಎಂದು ಕೇಳಿದರು. ಬಟ್ಟಲನ್ನು ಕೋಲಿನಿಂದ ಒಳಕ್ಕೆ ತಳ್ಳಿದೆವು. ಕಾಳಿ ತೂರಾಡುತ್ತ ಬಂದು ಮೂತಿಯಿಟ್ಟು ನೆಕ್ಕಿತು. “ಹಂಗಾದ್ರೆ ಭಯವಿಲ್ಲ” ಎಂದು ಅವರು ಸಮಾಧಾನಪಟ್ಟರು. ಡಾಕ್ಟರು ಮಾತ್ರ, ನೀರಿನ ಭಯ ಮನುಷ್ಯನಿಗೆ ಬರುವ ಲಕ್ಷಣ, ಹುಚ್ಚುನಾಯಿ ನೀರನ್ನು ಕುಡಿಯಲೂಬಹುದು, ಅದನ್ನು ನಂಬಿ ಕೂರಬೇಡಿ ಎಂದರು. ಬಂದ ನೆಮ್ಮದಿ ಹತ್ತು ನಿಮಿಷ ನಿಲ್ಲಲಿಲ್ಲ.

ಭಾನುವಾರ ಹೊಸಹೊಳಲಿಗೆ ಹೋದೆವು. ಹದಿಮೂರನೆಯ ಶತಮಾನದ ಲಕ್ಷ್ಮೀನಾರಾಯಣನ ತ್ರಿಕೂಟಾಲಯ. ಜಗತಿಯ ಮೇಲೆ ಆನೆಯ ಸಾಲು, ಕುದುರೆಯ ಸಾಲು, ಬಳ್ಳಿ, ಪುರಾಣಕಥೆ, ಮಕರ, ಹಂಸ. ಬೇಲೂರು ಹಳೆಯಬೀಡುಗಳ ಗದ್ದಲವಿಲ್ಲದೆ, ಸಾಲುಸಾಲಾಗಿ ಭಾರತ ರಾಮಾಯಣಗಳನ್ನು ನಿಂತು ಓದಬಹುದಾದ ಗುಡಿಯಿದು. ಬೇಲೂರಿಗೆ ಧಾವಿಸುವವರು ಒಂದು ಗಳಿಗೆ ಇಲ್ಲಿ ಇಳಿಯಬೇಕೆಂದು ನಮ್ಮ ಬಲವಾದ ಅಭಿಪ್ರಾಯ. ಮರಳಿ ಬಂದಾಗ ಮೊಮ್ಮಗಳು ತಡಿಕೆಯ ಪಕ್ಕದಲ್ಲಿ ಕುಳಿತು ಕಾಳಿಗೆ ಮಗ್ಗಿ ಹೇಳಿಕೊಡುತ್ತಿದ್ದಳು. ಮರಿ ನಾಲ್ಕು ಚಮಚ ಗಂಜಿ ಕುಡಿದಿತ್ತು. ದವಡೆಯ ಅದುರು ನಿಂತಿರಲಿಲ್ಲ. ಕಡಮೆಯಾಗಿತ್ತೆಂದು ಮಗು ಹೇಳಿದಳು, ಇಲ್ಲವೆಂದು ನಮ್ಮ ಮನೆಯವರು ಹೇಳಿದರು.

ಸೋಮವಾರ ನಾಗಮಂಗಲ. ಇತ್ತ ಬಂದಂತೆ ಕಬ್ಬು ಕಳೆದು ರಾಗಿಯ ಹೊಲಗಳು, ತೆಂಗು, ಬೋಳುಗುಡ್ಡ. ಪಂಚಲೋಹದ ವಿಗ್ರಹ ಎರೆಯುವ ಶಿಲ್ಪಿಗಳ ಊರಿದು. ಸೌಮ್ಯಕೇಶವನ ಗುಡಿ ಹೊಯ್ಸಳರ ಕಾಲದ್ದು. ಇದೇ ತಾಲ್ಲೂಕಿನ ಆದಿಚುಂಚನಗಿರಿಯ ಕಾಲಭೈರವನಿಗೆ ನಾಯಿಯೇ ವಾಹನ. ನಮ್ಮ ಬೀಗಿತ್ತಿಯವರು ಕಾಳಿಯ ಸಂಗತಿ ತಿಳಿದೊಡನೆ ಭೈರವನಿಗೆ ಹರಕೆ ಹೊತ್ತರು. ಮಗಳು, ಹರಕೆಯೂ ಇರಲಿ, ತಡಿಕೆಯೂ ಇರಲಿ ಎಂದು ಹಿತ್ತಿಲಲ್ಲಿ ಜಾಗ ಮಾಡಿದಳು. ಮಂಗಳವಾರ ಮೂರನೆಯ ಸೂಜಿಯಾಯಿತು. ಬುಧವಾರ ಮರಿ ಎದ್ದು ನಿಂತು ಬೊಗಳಿತು. ನಾವು ಕೇಳಿದ ಅದರ ಮೊದಲ ಬೊಗಳು ಅದು. ಹುಚ್ಚಿನ ನಾಯಿಗೆ ದನಿ ಒಡೆಯುವುದೆಂದು ಎಲ್ಲಿಯೋ ಓದಿದ್ದುದರಿಂದ, ಆ ದನಿ ಒಡೆದಿತ್ತೋ ಇಲ್ಲವೋ ಎಂದು ನಾವೂ ಅಳಿಯಂದಿರೂ ಬಹಳ ಹೊತ್ತು ಚರ್ಚಿಸಿದೆವು.

ಗುರುವಾರ ಬಂದಿತು, ಕಳೆಯಿತು. ಶುಕ್ರವಾರ ಇಲ್ಲಿನ ಪಶುವೈದ್ಯರು ಬಂದು, ತಡಿಕೆಯನ್ನು ತಾವೇ ಸರಿಸಿ, ಕಾಳಿಯನ್ನೆತ್ತಿ ಮೇಜಿನ ಮೇಲಿಟ್ಟು ನೋಡಿ, ಇದು ಹುಚ್ಚಲ್ಲವೆಂದು ಸ್ಪಷ್ಟವಾಗಿ ಹೇಳಿದರು. ಕೃಷ್ಣರಾಜಪೇಟೆಗೆ ಮೊದಲು ಆ ಸುದ್ದಿಯನ್ನು ತಿಳಿಸಿದೆವು. ಫೋನು ತೆಗೆದದ್ದು ತಮ್ಮನ ಸೊಸೆಯೇ. ಕೂಸು ಮಲಗಿದೆಯೆಂದೂ, ಕೊಟ್ಟಿಗೆಯನ್ನು ಸುಣ್ಣ ಬಳಿದು ಹಸುಗಳನ್ನು ಒಳಕ್ಕೆ ಕಟ್ಟಿದೆವೆಂದೂ ಹೇಳಿ, ಸ್ವಲ್ಪ ತಡೆದು, “ದೊಡ್ಡ ಮಾವನವರೆ, ಮರಿ ಈಗ ಏನು ತಿನ್ನುತ್ತದೆ?” ಎಂದು ಕೇಳಿದಳು.

ಹುಚ್ಚಲ್ಲವೆಂಬುದು ತಿಳಿಯಿತೇ ಹೊರತು ಏನೆಂಬುದು ತಿಳಿದಿಲ್ಲ. ಹುಳ ಬಿದ್ದಿವೆ, ಹೊಟ್ಟೆ ಇಳಿದಿದೆ, ದವಡೆಯ ಅದುರು ನಿಂತಿದೆ. ಆದರೆ ನಿದ್ದೆಯಲ್ಲಿ ಎಡಗಡೆಯ ಮುಂಗಾಲು ಗಡಿಯಾರದ ಮುಳ್ಳಿನಂತೆ ಒಂದೇ ಸಮನೆ ತುಡಿಯುವುದು. ಡಿಸ್ಟೆಂಪರ್ ಬಂದು ಹೋದ ಗುರುತಿರಬಹುದಂತೆ. ಹಾಗಿದ್ದರೆ ಅದು ಜೀವವಿರುವವರೆಗೂ ಹಾಗೆಯೇ ಉಳಿಯಬಹುದು, ಮಾಯಬಹುದು, ಕೆಲವು ತಿಂಗಳ ಮೇಲೆ ಅಪಸ್ಮಾರವಾಗಿಯೂ ತಿರುಗಬಹುದು. ಮೈಯಲ್ಲಿ ಶಕ್ತಿ ಬಂದ ಮೇಲೆ ಲಸಿಕೆಗಳನ್ನು ಮೊದಲುಮಾಡಿ, ಹದಿನಾರು ವಾರ ತುಂಬುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಹಾಕಿಸಬೇಕು. ತಾಯಿಯಿಂದ ಬಂದ ರಕ್ಷಣೆ ಮೈಯಲ್ಲಿರುವಷ್ಟು ದಿನ ಲಸಿಕೆ ಪೂರ್ತಿ ಹಿಡಿಯದಂತೆ, ಅದಕ್ಕಾಗಿ ಮರಳಿ ಮರಳಿ ಹಾಕುವುದು. ಹುಚ್ಚಿನ ಲಸಿಕೆ ಮೂರು ತಿಂಗಳಿಗೆ. ಹಾಲು ಬೇಡ, ಈರುಳ್ಳಿ ಬೇಡ, ಚಾಕೊಲೇಟ್ ಬೇಡ, ದ್ರಾಕ್ಷಿ ಬೇಡವೆಂದು ಮಗಳು ಒಂದು ಕಾಗದದಲ್ಲಿ ಬರೆದು ಅಡಿಗೆಮನೆಯ ಬಾಗಿಲಿಗೆ ಅಂಟಿಸಿದ್ದಾಳೆ. ಮೊಮ್ಮಗಳ ಕಡೆಯ ಸೂಜಿ ಇಪ್ಪತ್ತೆಂಟನೆಯ ದಿನಕ್ಕೆ ಸೇರಿದ್ದು. ಅದನ್ನು ನಾಗಮಂಗಲದಲ್ಲಿಯೇ ಹಾಕಿಸುವುದೆಂದು ಗೊತ್ತಾಗಿದೆ.

ನಾವಿಬ್ಬರು ಪಾಂಡವಪುರದ ನೇರ ಹಾದಿಯಲ್ಲಿ ಶ್ರೀರಂಗಪಟ್ಟಣಕ್ಕೆ ಮರಳಿದೆವು. ಕಾಳಿ ನಾಗಮಂಗಲದಲ್ಲಿಯೇ ಉಳಿದಿದೆ. ರಾತ್ರಿ ಎಂಟಕ್ಕೆ ಮಗುವಿನ ಫೋನು ಬರುವುದು. ಆ ದಿನ ಕಾಲು ಎಷ್ಟು ಹೊತ್ತು ತುಡಿಯಿತೆಂದು ಲೆಕ್ಕ ಒಪ್ಪಿಸುವಳು. ನಿನ್ನೆಯ ಲೆಕ್ಕ ಹನ್ನೊಂದು ನಿಮಿಷ.